ತಕ್ಕಡಿಗೆ ಮುದ್ರೆ ಇದೆ, ಹುಡುಗರು ಜೋತು ಬೀಳುವ ಹಗ್ಗಕ್ಕೆ?

ಗಜೇಂದ್ರಗಡದ ಪೇಟೆಯಲ್ಲಿ ಶೇಂಗಾ ತೂಗುವ ಕಾಟಾಕ್ಕೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳಬೇಕು. ಬೀಳದಿದ್ದರೆ ದಂಡ. ನರಗುಂದದಿಂದ ರೋಣಕ್ಕೆ ಹೊರಟ ಬಸ್ಸಿಗೆ ಎಫ್.ಸಿ. ಬೇಕು, ಡ್ರೈವರನಿಗೆ ಲೈಸೆನ್ಸ್ ಬೇಕು, ಕಂಡಕ್ಟರನಿಗೆ ಬಿಲ್ಲೆ ಬೇಕು. ಅರ್ಧ ಕಿಲೋ ಬೆಲ್ಲದಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಜಗಳ ತೆಗೆಯುವ ಹಕ್ಕು ಗಿರಾಕಿಗೆ ಇದೆ. ಇಷ್ಟೆಲ್ಲ ಕಟ್ಟುನಿಟ್ಟು ಇರುವ ಊರಿನಲ್ಲಿ ಒಂದು ಸಂಗತಿಗೆ ಮಾತ್ರ ಯಾರೂ ಮುದ್ರೆ ಕೇಳುವುದಿಲ್ಲ. ಹತ್ತು ವರ್ಷದ ಹುಡುಗ ಬಂಡೆಯ ಅಂಚಿನಿಂದ ಜೋತು ಬೀಳುವ ಹಗ್ಗ, ಮತ್ತು ಆ ಹಗ್ಗ ಹಿಡಿದ ಕೈ.

ಪರೀಕ್ಷೆ ಮುಗಿದು ಬಿಸಿಲು ಏರಿತೆಂದರೆ ಶಿಬಿರದ ಚೀಟಿಗಳು ಮನೆಗೆ ಬರುತ್ತವೆ. ಗುಡ್ಡ ಏರುವುದು, ಹಗ್ಗ ಹಿಡಿದು ಬಂಡೆ ಇಳಿಯುವುದು, ದೋಣಿ ನಡೆಸುವುದು, ಎರಡು ಕಂಬಗಳ ನಡುವೆ ತಂತಿಯ ಮೇಲೆ ಜಾರುವುದು, ರಾತ್ರಿ ಡೇರೆಯಲ್ಲಿ ಮಲಗುವುದು. ಚೀಟಿಯ ಕೆಳಗೆ ಒಂದು ಸಾಲು: 'ಏನಾದರೂ ಅನಾಹುತವಾದಲ್ಲಿ ಆಯೋಜಕರು ಹೊಣೆಯಲ್ಲ.' ಅದರ ಪಕ್ಕದಲ್ಲಿ ಪಾಲಕರ ಸಹಿ. ಅಂಗಡಿಯಲ್ಲಿ ಗಿರಾಕಿ ನಿಂತಿರುತ್ತಾರೆ, ಮಗ ಪೆನ್ನು ಹಿಡಿದು ನಿಂತಿರುತ್ತಾನೆ. "ಎಲ್ಲಾರೂ ಹೊಂಟಾರ್ರೀ ಅಪ್ಪಾ, ನಾನೊಬ್ನ ಉಳೀತೀನಿ" ಅನ್ನುತ್ತಾನೆ. ಓದದೆ ಸಹಿ ಬೀಳುತ್ತದೆ. ನೂರು ರೂಪಾಯಿಯ ಬಿಲ್ಲನ್ನು ಎರಡು ಸಲ ಕೂಡಿಸಿ ನೋಡುವ ಕೈ ಇದು.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಆ ಒಂದು ಸಾಲಿನಿಂದ ಯಾರ ಹೊಣೆಯೂ ಕಳೆದು ಹೋಗುವುದಿಲ್ಲ. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾಗುವುದು ಅಪರಾಧ. ಹಿಂದೆ ಅದು ಭಾರತ ದಂಡ ಸಂಹಿತೆಯ 304-ಎ ಕಲಮು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, ಐದು ವರ್ಷದವರೆಗೆ ಸಜೆ. ಪಾಲಕರು ಚೀಟಿಗೆ ಸಹಿ ಹಾಕಿದ್ದರು ಎಂಬ ಕಾರಣಕ್ಕೆ ಕಾನೂನು ಕಣ್ಣು ಮುಚ್ಚುವುದಿಲ್ಲ. ಆದರೆ ಕಾನೂನು ಬರುವುದು ಆದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಗುಡ್ಡ ಇಲ್ಲಿಯೇ ಇದೆ

ಈ ಮೂರು ತಾಲೂಕಿನವರಿಗೆ ಸಾಹಸ ಹುಡುಕಿಕೊಂಡು ಹಿಮಾಲಯಕ್ಕೆ ಹೋಗುವ ಅಗತ್ಯವಿಲ್ಲ. ಗಜೇಂದ್ರಗಡದ ನೆತ್ತಿಯ ಮೇಲೆಯೇ ಕೋಟೆ ಇದೆ. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಒಪ್ಪಂದವಾದ ಊರು ಇದು. ಪಕ್ಕದಲ್ಲಿ ಕಾಲಕಾಲೇಶ್ವರ, ಕೆಂಪು ಬಂಡೆಯ ಮಗ್ಗುಲಲ್ಲಿ ಕುಳಿತ ಗುಡಿ. ಗುಡ್ಡದ ಮೇಲೆ ಗಾಳಿ ಯಂತ್ರಗಳ ಸಾಲು. ನರಗುಂದದ ಗುಡ್ಡ ಎರೆ ಭೂಮಿಯ ನಡುವೆ ಒಂಟಿಯಾಗಿ ಎದ್ದು ನಿಂತಿದೆ. 1858ರಲ್ಲಿ ಬಾಬಾಸಾಹೇಬರ ಬಂಡಾಯ ನೋಡಿದ ಗುಡ್ಡ ಅದು, 1980ರ ಜುಲೈಯಲ್ಲಿ ರೈತರ ಬಂಡಾಯವನ್ನೂ ನೋಡಿತು. ರೋಣದವರಿಗೆ ಗುಡ್ಡ ಬೇಕೆಂದರೆ ಹೊಳೆಆಲೂರ ದಾಟಿ ಬಾದಾಮಿ. ಅಲ್ಲಿಯ ಕೆಂಪು ಮರಳುಗಲ್ಲು ಬಂಡೆ ಹತ್ತುವವರ ಲೋಕದಲ್ಲಿ ಹೆಸರು ಮಾಡಿದೆ. ದೇಶ ವಿದೇಶದ ಹುಡುಗರು ಹಗ್ಗ, ಕೊಂಡಿ ಹೊತ್ತು ಅಲ್ಲಿಗೆ ಬರುತ್ತಾರೆ.

ಅಂದ ಮೇಲೆ ನಮ್ಮ ಹುಡುಗರೂ ಹತ್ತಬೇಕು. ಹತ್ತಬೇಡಿ ಎನ್ನುವುದು ಈ ಬರಹದ ಉದ್ದೇಶವಲ್ಲ. ಇಡೀ ದಿನ ಮೊಬೈಲಿನಲ್ಲಿ ಮುಖ ಹುದುಗಿಸಿದ ಹುಡುಗ ಒಂದು ದಿನ ಬಂಡೆಗೆ ಮುಖ ಕೊಟ್ಟರೆ ಅವನಿಗೂ ಒಳ್ಳೆಯದು, ಮನೆಗೂ ಒಳ್ಳೆಯದು. ಕಾಲು ನಡುಗಿದರೂ ಒಂದು ಹೆಜ್ಜೆ ಇಡುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಪ್ರಶ್ನೆ ಇರುವುದು ಹತ್ತಿಸುವವರ ಬಗ್ಗೆ.

ಬಾವಿಯಲ್ಲಿ ಕಲಿಸಿದವರು

ಸುರಕ್ಷತೆ ಎಂದೊಡನೆ ಇದು ಇಂಗ್ಲಿಷಿನವರ ಮಾತು, ನಮ್ಮಲ್ಲಿ ಇರಲಿಲ್ಲ ಅನ್ನುವವರಿದ್ದಾರೆ. "ನಾವೇನು ಹಗ್ಗಾ ಕಟ್ಕೊಂಡು ಗುಡ್ಡಾ ಹತ್ತಿದ್ವೇನ್ರೀ?" ಎಂದು ಕೇಳುತ್ತಾರೆ. ಆದರೆ ಅದೇ ಹಿರಿಯರು ಈಜು ಕಲಿತದ್ದು ಹೇಗೆ? ತೋಟದ ಬಾವಿಯಲ್ಲಿ. ಹುಡುಗನ ಬೆನ್ನಿಗೆ ಖಾಲಿ ಡಬ್ಬಿಯೋ ಬೆಂಡೋ ಒಣ ಸೋರೆಬುರುಡೆಯೋ ಕಟ್ಟುತ್ತಿದ್ದರು. ನಡುವಿಗೆ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಕಾಕಾನ ಕೈಯಲ್ಲಿ. ಒಂದು ಹಗ್ಗಕ್ಕೆ ಒಬ್ಬನೇ ಹುಡುಗ. ಕಾಕಾ ಹಗ್ಗ ಹಿಡಿದಾಗ ಬೀಡಿ ಸೇದುತ್ತಿರಲಿಲ್ಲ, ಹರಟೆ ಹೊಡೆಯುತ್ತಿರಲಿಲ್ಲ. ಹುಡುಗ ಗಟ್ಟಿಯಾದಂತೆ ಡಬ್ಬಿ ಕಳಚುತ್ತಿದ್ದರು, ಆಮೇಲೆ ಹಗ್ಗ.

ಗರಡಿ ಮನೆಯೂ ಹಾಗೆಯೇ. ಯಾರು ಯಾರ ಮೇಲೆ ಬೀಳಬೇಕು ಎಂದು ಹೇಳುವವನು ಉಸ್ತಾದ. ಮಣ್ಣು ಗಟ್ಟಿಯಾಗಿದ್ದರೆ ಮೊದಲು ಅಗೆದು ಹದ ಮಾಡಬೇಕು, ಆಮೇಲೆ ಕುಸ್ತಿ. ಜ್ವರ ಬಂದವನು ಅಖಾಡಕ್ಕೆ ಇಳಿಯುವಂತಿಲ್ಲ. ಉಸ್ತಾದ "ಬ್ಯಾಡ" ಅಂದರೆ ಬೇಡ, ಅದಕ್ಕೆ ಮರುಮಾತಿಲ್ಲ. ಬಾವಿಯಿಂದ ನೀರೆತ್ತುವ ಮಿಣಿಯನ್ನು ರೈತ ಬೆಳಿಗ್ಗೆ ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡುತ್ತಿದ್ದ. ಒಂದು ಎಳೆ ಬಿಟ್ಟಿದ್ದರೂ ಎತ್ತು ಹೂಡುತ್ತಿರಲಿಲ್ಲ.

ಇಂದು ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಬರೆದಿಟ್ಟ ನಿಯಮಗಳ ತಿರುಳು ಇಷ್ಟೇ. ಕಲಿಸುವವನು ಗೊತ್ತಿದ್ದವನಿರಬೇಕು, ಸಾಮಾನು ಗಟ್ಟಿ ಇರಬೇಕು, ಅವನ ಕಣ್ಣಳತೆಗೆ ಮೀರಿ ಹುಡುಗರು ಇರಬಾರದು, ಬೇಡ ಎನ್ನುವ ಅಧಿಕಾರ ಅವನಿಗೆ ಇರಬೇಕು. ನಾವು ಮರೆತದ್ದನ್ನು ಅವರು ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಮರೆತರೆ ಏನಾಗುತ್ತದೆ

2024ರ ಡಿಸೆಂಬರ್ 10. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ 46 ಮಕ್ಕಳು ಶಿಕ್ಷಕರೊಂದಿಗೆ ಮುರುಡೇಶ್ವರಕ್ಕೆ ಬಂದಿದ್ದರು. ಸಂಜೆ ಸಮುದ್ರಕ್ಕೆ ಇಳಿದ ಬಾಲಕಿಯರಲ್ಲಿ 4 ಜನ ಅಲೆಗೆ ಸಿಕ್ಕು ಪ್ರಾಣ ಬಿಟ್ಟರು. 3 ಜನರನ್ನು ಬದುಕಿಸಿ ತಂದರು. ಸಮುದ್ರ ನೋಡಲು ಹೋದ ಹಳ್ಳಿಯ ಮಕ್ಕಳು. ಅಲೆ ದಂಡೆಗೆ ಬರುವಾಗ ಕಾಣುತ್ತದೆ. ಹಿಂದೆ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ಅವರಿಗೆ ಹೇಳಿ, ಅಡ್ಡ ನಿಂತು ತಡೆಯುವ ಕೈ ಬೇಕಾಗಿತ್ತು.

ಅದೇ ವರ್ಷ ಜನವರಿ 18ರಂದು ಗುಜರಾತದ ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಮಕ್ಕಳನ್ನು ಹೊತ್ತ ದೋಣಿ ಮಗುಚಿತು. 12 ಮಕ್ಕಳು, 2 ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು, ಎಲ್ಲರಿಗೂ ಜೀವರಕ್ಷಕ ಜಾಕೀಟು ಇರಲಿಲ್ಲ. ನಮ್ಮ ಕಾಳಿ ಹೊಳೆಯಲ್ಲೂ 2022ರ ಏಪ್ರಿಲಿನಲ್ಲಿ ಗಣೇಶಗುಡಿಯ ಬಳಿ ಮಿತಿ ಮೀರಿ ಜನ ಹತ್ತಿಸಿದ ರಾಫ್ಟೊಂದು ಸೆಳವಿಗೆ ಸಿಕ್ಕಿತು. ಬೇರೆ ದೋಣಿಯವರು ಧಾವಿಸಿ ಬಂದದ್ದರಿಂದ ಜನ ಉಳಿದರು. ಟಂಟಂದಾಗ ಜನ ತುಂಬಿದಂಗ ದೋಣಿಯಾಗ ತುಂಬಿದರ ಹಿಂಗ ಆಗೂದು.

2014ರ ಜೂನ್ 8ರಂದು ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿ ಹೋದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಅವರಿಗೆ ಗೊತ್ತಾಗಲಿಲ್ಲ. 24 ವಿದ್ಯಾರ್ಥಿಗಳು, ಜೊತೆಗೆ ಪ್ರವಾಸದ ಒಬ್ಬ ಮೇಲ್ವಿಚಾರಕ. ಅದು ಹಿಮಾಚಲದ ಕಥೆ ಎಂದು ತಳ್ಳಿ ಹಾಕುವಂತಿಲ್ಲ. ನವಿಲುತೀರ್ಥದಿಂದ ನೀರು ಬಿಟ್ಟರೆ ಮಲಪ್ರಭೆ ಹೇಗೆ ಏರುತ್ತದೆ ಎಂಬುದನ್ನು 2019ರ ಆಗಸ್ಟಿನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರಿನವರು ಕಣ್ಣಾರೆ ಕಂಡಿದ್ದಾರೆ. ಬೇಸಿಗೆಯಲ್ಲಿ ಮೊಳಕಾಲುದ್ದ ನೀರಿರುವ ಹೊಳೆ ಎಂದು ಶಿಬಿರದ ಹುಡುಗರನ್ನು ನಡುವಿನ ಮರಳದಿಬ್ಬಕ್ಕೆ ಕರೆದೊಯ್ಯುವವರು, ಮೊದಲು ನೀರಾವರಿ ಇಲಾಖೆಗೆ ಒಂದು ಫೋನು ಮಾಡಿದ್ದಾರೆಯೇ?

ಪರಿಣತರಿದ್ದರೂ ಪ್ರಕೃತಿ ಕೈ ಮೀರುವುದುಂಟು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮ ಕುಸಿದು 29 ಜನ ಹೋದರು. ಅವರಲ್ಲಿ ಕರ್ನಾಟಕದ ಶಿಕ್ಷಣಾರ್ಥಿಗಳೂ ಇದ್ದರು. 2024ರ ಜೂನ್ ಮೊದಲ ವಾರ ಅದೇ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೊರಟ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ಮರಳಲಿಲ್ಲ, 13 ಜನ ಬದುಕಿ ಬಂದರು. ಇವು ಸಣ್ಣವರ ಶಿಬಿರಗಳಲ್ಲ, ಅನುಭವ ಇದ್ದವರ ತಂಡಗಳು. ಅಷ್ಟು ಬಲ್ಲವರಿಗೇ ಹೀಗಾಗುವುದಾದರೆ, ಏನೂ ಬಲ್ಲದವನ ಕೈಯಲ್ಲಿ ಮಕ್ಕಳನ್ನು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳುವುದು ಅಂಜುಬುರುಕುತನವಲ್ಲ.

ನಾಲ್ಕು ಹುಡುಗರ ಸಾವಿನಿಂದ ಹುಟ್ಟಿದ ಕಾಯ್ದೆ

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಕೇಳಿದ್ದು ಪಾಲಕರು. 1993ರ ಮಾರ್ಚ್ 22ರಂದು ಅಲ್ಲಿಯ ದಕ್ಷಿಣ ಕರಾವಳಿಯ ಲೈಮ್ ಕೊಲ್ಲಿಯಲ್ಲಿ 8 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ, ಇಬ್ಬರು ತರಬೇತುದಾರರು ಸಣ್ಣ ದೋಣಿಗಳಲ್ಲಿ ಹೊರಟರು. ಎರಡು ತಾಸಿನ ಮಾತು ಅಂದುಕೊಂಡಿದ್ದರು. ಗಾಳಿ ಅವರನ್ನು ಒಳಸಮುದ್ರಕ್ಕೆ ತಳ್ಳಿತು. ತರಬೇತುದಾರರಿಗೆ ಇದ್ದ ಅರ್ಹತೆ ಸಮುದ್ರಕ್ಕೆ ಸಾಲುವಂಥದ್ದಲ್ಲ. ಸಂಕೇತ ಕೊಡುವ ಸುರುಸುರು ಬತ್ತಿಯೂ ಜೊತೆಯಲ್ಲಿ ಇರಲಿಲ್ಲ. ದಂಡೆಯವರು ಸಹಾಯಕ್ಕೆ ಕೂಗಿದ್ದು ತಡವಾಗಿ. 4 ಮಕ್ಕಳು ಚಳಿ ನೀರಿನಲ್ಲಿ ಪ್ರಾಣ ಬಿಟ್ಟರು. ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅದಕ್ಕೂ ಮೊದಲು ಅಲ್ಲಿಯೇ ದುಡಿದಿದ್ದ ಇಬ್ಬರು, ಸುರಕ್ಷತೆ ಸಾಲದು ಎಂದು ಆಡಳಿತಕ್ಕೆ ಪತ್ರ ಬರೆದು ಕೆಲಸ ಬಿಟ್ಟಿದ್ದರು. ಪತ್ರ ಕಡತದಲ್ಲಿ ಉಳಿಯಿತು.

ಕಂಪನಿಯ ಯಜಮಾನನಿಗೆ 1994ರಲ್ಲಿ ಜೈಲಾಯಿತು. ಅಷ್ಟಕ್ಕೇ ಪಾಲಕರು ಸುಮ್ಮನಾಗಲಿಲ್ಲ. 1995ರಲ್ಲಿ ಅಲ್ಲಿಯ ಸಂಸತ್ತು ಕಾಯ್ದೆ ಮಾಡಿತು. 18 ವರ್ಷದೊಳಗಿನವರಿಗೆ ಹಣ ಪಡೆದು ಬಂಡೆ, ನೀರು, ಗುಹೆ, ಗುಡ್ಡಗಳ ಸಾಹಸ ಮಾಡಿಸುವವರು ಪರವಾನಿಗೆ ಪಡೆಯಬೇಕು, ತಪಾಸಣೆಗೆ ಬಾಗಿಲು ತೆರೆಯಬೇಕು ಎಂದಿತು. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ತಕ್ಕಡಿಗೆ ಮುದ್ರೆ ಬಿತ್ತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸದ ಸುರಕ್ಷತೆಗೆ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಬಂಡೆ, ಹೊಳೆ, ತಂತಿ, ಚಾರಣ, ಪ್ರತಿಯೊಂದಕ್ಕೂ ಬೇರೆ ಬೇರೆ ಅಧ್ಯಾಯ. ಆದರೆ ಮಾರ್ಗಸೂಚಿ ಅಂದರೆ ಹಿರಿಯರ ಬುದ್ಧಿಮಾತಿನ ಹಾಗೆ. ಕೇಳಿದರೆ ಒಳ್ಳೆಯದು, ಕೇಳದಿದ್ದರೆ ದಂಡವಿಲ್ಲ. ಆದ್ದರಿಂದಲೇ ಕೇಳುವ ಕೆಲಸ ಸದ್ಯಕ್ಕೆ ಪಾಲಕರ ಪಾಲಿಗೆ ಬಂದಿದೆ.

ಹಗ್ಗದ ಲೆಕ್ಕ

ಕೇಳಬೇಕೆಂದರೆ ಸ್ವಲ್ಪ ತಿಳಿದಿರಬೇಕು. ಬಂಡೆಗೆ ಬಳಸುವ ಹಗ್ಗ ಕಿರಾಣಿ ಅಂಗಡಿಯ ನೈಲಾನ್ ಹಗ್ಗವಲ್ಲ. ಅದರ ಒಳಗೆ ಎಳೆಗಳ ತಿರುಳು, ಹೊರಗೆ ನೇಯ್ದ ಕವಚ. ಭಾರ ಹೊರುವುದು ಹೆಚ್ಚಾಗಿ ತಿರುಳು, ಸವೆತ ತಿನ್ನುವುದು ಕವಚ. ಸುಮಾರು 10-11 ಮಿ.ಮೀ. ದಪ್ಪ. ಇದರಲ್ಲಿಯೂ ಎರಡು ಜಾತಿ. ಹತ್ತುವಾಗ ಬಿದ್ದರೆ ಜಗ್ಗಿ ಏಟು ತಡೆಯುವುದು ಒಂದು, ಇಳಿಯುವಾಗ ಹೆಚ್ಚು ಜಗ್ಗದೆ ನಿಲ್ಲುವುದು ಇನ್ನೊಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಾಕಬಾರದು.

ಹಗ್ಗಕ್ಕೂ ಆಯುಷ್ಯ ಇದೆ. ಬಿಸಿಲು ಅದನ್ನು ತಿನ್ನುತ್ತದೆ. ಬ್ಯಾಟರಿಯ ಆ್ಯಸಿಡ್ ತಗುಲಿದರೆ ಹೊರಗಿನಿಂದ ಏನೂ ಕಾಣದು, ಒಳಗೆ ಸತ್ತಿರುತ್ತದೆ. ಜೀಪಿನ ಡಿಕ್ಕಿಯಲ್ಲಿ ಬ್ಯಾಟರಿ, ಡೀಸೆಲ್ ಡಬ್ಬಿಯ ಪಕ್ಕ ಹಗ್ಗ ಎಸೆದು ತರುವವನನ್ನು ಕಂಡರೆ ಅಲ್ಲಿಂದಲೇ ಹುಡುಗನನ್ನು ಮನೆಗೆ ಕರೆದುಕೊಂಡು ಬರುವುದು ಲೇಸು. ಒಮ್ಮೆಯೂ ಬಳಸದೆ ಇಟ್ಟರೂ ಹತ್ತು ವರ್ಷದ ಮೇಲೆ ಅದನ್ನು ಬಳಸಬೇಡಿ ಎಂದು ತಯಾರಕರೇ ಹೇಳುತ್ತಾರೆ. ಸರಿಯಾದ ಶಿಬಿರದಲ್ಲಿ ಪ್ರತಿ ಹಗ್ಗಕ್ಕೂ ಒಂದು ಪುಟ ಇರುತ್ತದೆ. ಕೊಂಡ ದಿನ, ಬಳಸಿದ ದಿನ, ನೋಡಿದವರ ಸಹಿ. ಅಂಗಡಿಯ ಖಾತೆ ಪುಸ್ತಕದ ಹಾಗೆ. ಖಾತೆ ಇಲ್ಲದ ಹಗ್ಗ ನಂಬಿಕೆಯ ಹಗ್ಗ, ನಂಬಿಕೆ ಭಾರ ತಡೆಯುವುದಿಲ್ಲ.

ಹಗ್ಗ ಕಟ್ಟುವ ಗೂಟವೂ ಅಷ್ಟೇ ಮುಖ್ಯ. ಒಂದೇ ಮರಕ್ಕೆ, ಒಂದೇ ಕಲ್ಲಿಗೆ ಕಟ್ಟಬಾರದು. ಒಂದು ಕಿತ್ತರೂ ಇನ್ನೊಂದು ಹಿಡಿಯುವಂತೆ ಎರಡು ಬೇರೆ ಬೇರೆ ಆಧಾರ ಇರಲೇಬೇಕು. ಬಂಡೆಯ ಅಂಚಿನಲ್ಲಿ ಹಗ್ಗ ಉಜ್ಜುವ ಕಡೆ ದಪ್ಪ ಬಟ್ಟೆಯ ಮಡಿಕೆ ಹಾಕಬೇಕು. ನಮ್ಮ ಮರಳುಗಲ್ಲು ಉಪ್ಪುಕಾಗದದ ಹಾಗೆ, ನೋಡನೋಡುತ್ತಲೇ ಕವಚ ತಿನ್ನುತ್ತದೆ. ಮಳೆಗೆ ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ. ನಿನ್ನೆ ರಾತ್ರಿ ಅಡ್ಡಮಳೆ ಬಿದ್ದಿದ್ದರೆ ಇಂದು ಬೆಳಿಗ್ಗೆ ಬಂಡೆ ಬೇಡ. ಶಿಬಿರದ ವೇಳಾಪಟ್ಟಿಯಲ್ಲಿ ಏನು ಬರೆದಿದ್ದರೂ ಬೇಡ.

ಹುಡುಗನ ಮೈಮೇಲೆ ಏನೇನು? ತಲೆಗೆ ಹೆಲ್ಮೆಟ್. ಬೀಳುವುದಕ್ಕಿಂತ ಮೇಲಿನಿಂದ ಕಲ್ಲು ಉರುಳುವುದೇ ಹೆಚ್ಚು ಎಂಬುದಕ್ಕೆ ಅದು. ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್ ಎಂಬ ಪಟ್ಟಿ. ಸೊಂಟದ ಎಲುಬಿನ ಮೇಲೆ ಬಿಗಿಯಾಗಿ ಕೂಡಬೇಕು. ದೊಡ್ಡವರ ಪಟ್ಟಿಯನ್ನು ಸಣ್ಣವನಿಗೆ ಕಟ್ಟಿದರೆ, ತಲೆಕೆಳಗಾದಾಗ ಜಾರಿ ಬಂದುಬಿಡುತ್ತದೆ. ಹಗ್ಗಕ್ಕೂ ಪಟ್ಟಿಗೂ ನಡುವೆ ಕ್ಯಾರಬೀನರ್ ಎಂಬ ಕೊಂಡಿ, ಅದಕ್ಕೆ ತಿರುಪಿನ ಬೀಗ. ಬೀಗ ತಿರುಗಿಸಿದ್ದಾರೋ ಇಲ್ಲವೋ, ಕೈಯಿಂದ ಹಿಸುಕಿ ನೋಡಬೇಕು. ಇದನ್ನೆಲ್ಲ ಕಟ್ಟಿದವನೊಬ್ಬನೇ ನೋಡಿದರೆ ಸಾಲದು, ಇನ್ನೊಬ್ಬನೂ ಮುಟ್ಟಿ ನೋಡಬೇಕು. ಬಲ್ಲವರು ಸಾವಿರ ಸಲ ಇಳಿದಿದ್ದರೂ ಸಾವಿರದ ಒಂದನೆಯ ಸಲ ಇನ್ನೊಬ್ಬರಿಂದ ತೋರಿಸಿಕೊಂಡೇ ಇಳಿಯುತ್ತಾರೆ.

ಹುಡುಗ ಇಳಿಯುವಾಗ ಅವನ ಹಗ್ಗವಲ್ಲದೆ ಇನ್ನೊಂದು ಕಾವಲು ಹಗ್ಗ ಇರಬೇಕು. ಅದನ್ನು ಹಿಡಿಯುವುದಕ್ಕೆ ಬಿಲೇ ಎನ್ನುತ್ತಾರೆ. ಹುಡುಗ ಗಾಬರಿಯಾಗಿ ಕೈ ಬಿಟ್ಟರೂ ಈ ಹಗ್ಗ ಅವನನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ಹಿಡಿದವನು ಬಾವಿಯ ಕಾಕಾ ಇದ್ದ ಹಾಗೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಸೆಲ್ಫಿ ತೆಗೆಯುವವನು ಬಿಲೇ ಹಿಡಿಯುವವನಲ್ಲ.

ಉಸ್ತಾದ ಯಾರು?

ಇಲ್ಲಿಯೇ ಹೆಚ್ಚಿನ ಮೋಸ. ಟೀಶರ್ಟಿನ ಬೆನ್ನ ಮೇಲೆ 'ಇನ್‌ಸ್ಟ್ರಕ್ಟರ್' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಯಾರೂ ಉಸ್ತಾದರಾಗುವುದಿಲ್ಲ. ದೇಶದಲ್ಲಿ ಇದನ್ನು ಕಲಿಸುವ ಸರಕಾರಿ ಸಂಸ್ಥೆಗಳಿವೆ. ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆ 1954ರದು, ತೇನ್‌ಸಿಂಗ್ ನೋರ್ಗೆ ಅಲ್ಲಿ ಕಲಿಸಿದವರು. ಉತ್ತರಕಾಶಿಯದು 1965ರದು. ಅಲ್ಲಿ ಸುಮಾರು ನಾಲ್ಕು ವಾರದ ಮೊದಲ ಕೋರ್ಸು, ಅದರಲ್ಲಿ ಒಳ್ಳೆಯ ಶ್ರೇಣಿ ಬಂದರೆ ಮುಂದಿನ ಕೋರ್ಸು, ಆಮೇಲೆ ಬೇರೆಯವರಿಗೆ ಕಲಿಸುವುದು ಹೇಗೆ ಎಂಬ ಇನ್ನೊಂದು ಕೋರ್ಸು. ತಾನು ಹತ್ತುವುದು ಬೇರೆ, ಇನ್ನೊಬ್ಬನನ್ನು ಹತ್ತಿಸುವುದು ಬೇರೆ ಎಂದು ಅವರಿಗೆ ಗೊತ್ತು. ನಮ್ಮ ರಾಜ್ಯದಲ್ಲಿ ಕ್ರೀಡಾ ಇಲಾಖೆಯ ಅಡಿಯಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಶಾಲೆಯವರು ಅಲ್ಲಿ ವಿಚಾರಿಸಬಹುದು.

ಪ್ರಮಾಣಪತ್ರ ತೋರಿಸಿ ಎಂದರೆ ಬಲ್ಲವನು ಬೇಸರ ಪಡುವುದಿಲ್ಲ. ಖುಷಿಯಿಂದ ತೋರಿಸುತ್ತಾನೆ. "ನನ್ನ ಮ್ಯಾಲ ನಂಬಿಕಿ ಇಲ್ಲೇನ್ರೀ?" ಎಂದು ಕಣ್ಣು ಕೆಂಪಗೆ ಮಾಡುವವನ ಹತ್ತಿರ ಇರುವುದು ಟೀಶರ್ಟು ಮಾತ್ರ.

ಬಿಸಿಲು, ಸಿಡಿಲು, ಹೆಜ್ಜೇನು

ನಮ್ಮ ಶಿಬಿರಗಳು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿಯ ಆಸುಪಾಸು. ಬಂಡೆ ಕಾದ ಹಂಚಿನ ಹಾಗೆ. ಹನ್ನೊಂದರ ಒಳಗೆ ಗುಡ್ಡದ ಕೆಲಸ ಮುಗಿಸಬೇಕು, ನಾಲ್ಕರ ಮೇಲೆ ಮತ್ತೆ ಶುರು ಮಾಡಬೇಕು. ನಡುವೆ ನೆರಳು, ನೀರು, ಮಜ್ಜಿಗೆ. ತಲೆ ತಿರುಗುತ್ತದೆ ಎಂದ ಹುಡುಗನಿಗೆ "ನಾಟಕಾ ಮಾಡಬ್ಯಾಡ" ಅನ್ನಬಾರದು. ಮೈ ಸುಡುತ್ತಾ ಮಾತು ತೊದಲಿದರೆ ಅದು ಬಿಸಿಲಾಘಾತ. ಒದ್ದೆ ಬಟ್ಟೆ, ಗಾಳಿ, ಕೂಡಲೇ ಆಸ್ಪತ್ರೆ.

ಅದೇ ತಿಂಗಳಲ್ಲಿ ಅಡ್ಡಮಳೆ, ಸಿಡಿಲು. ಕುರಿ ಕಾಯುವವರು ಸಿಡಿಲಿಗೆ ಸಿಕ್ಕ ಸುದ್ದಿ ಈ ಭಾಗಕ್ಕೆ ಹೊಸದಲ್ಲ. ಗುಡ್ಡದ ನೆತ್ತಿ, ಕೋಟೆಯ ಬುರುಜು, ಒಂಟಿ ಮರ, ಗಾಳಿ ಯಂತ್ರದ ಕಂಬದ ಬುಡ, ಈ ನಾಲ್ಕೂ ಸಿಡಿಲಿನ ಹೊತ್ತಿನಲ್ಲಿ ನಿಲ್ಲುವ ಜಾಗವಲ್ಲ. ಗುಡುಗು ಕಿವಿಗೆ ಬಿದ್ದರೆ ಇಳಿಯಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಕಾಯಬೇಕು.

ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಹಿಂದಿನ ದಿನವೇ ಬಂದು ನೋಡದೆ ಹುಡುಗರನ್ನು ಅದರ ಕೆಳಗೆ ಕೂಡಿಸಿ ಹೊಗೆ ಹಾಕಿ ಚಹಾ ಕಾಯಿಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಗ್ಗದಲ್ಲಿ ಜೋತು ಬಿದ್ದವನು ಓಡಲೂ ಆರ. ಹಾವು ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಕೈಕಾಲು ಅಲುಗಾಡಿಸದೆ ಔಷಧ ಇರುವ ಆಸ್ಪತ್ರೆಗೆ ಒಯ್ಯಬೇಕು. ಗಜೇಂದ್ರಗಡದ ಗುಡ್ಡದಿಂದ ಗದಗಿನ ಜಿಲ್ಲಾ ಆಸ್ಪತ್ರೆಗೆ ಐವತ್ತು ಕಿಲೋಮೀಟರಿಗೂ ಮೇಲೆ. 108ಕ್ಕೆ ಫೋನು ಹಚ್ಚಬೇಕೆಂದರೆ ಗುಡ್ಡದ ಮೇಲೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಒಂದು ಗಾಡಿ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಡ್ಡದ ಬುಡದಲ್ಲಿಯೇ ನಿಂತಿರಬೇಕು. ಡ್ರೈವರ್ ಊಟಕ್ಕೆ ಊರಿಗೆ ಹೋಗಿದ್ದಾನೆ ಎಂದರೆ ಅದು ಇದ್ದೂ ಇಲ್ಲದ ಗಾಡಿ.

ಕಂಡಕ್ಟರನ ಲೆಕ್ಕ

ಇದರಲ್ಲೆಲ್ಲ ಸುಲಭದ್ದು, ಮತ್ತು ಹೆಚ್ಚಾಗಿ ತಪ್ಪುವುದು, ಎಣಿಕೆ. ರೋಣದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಬಸ್ಸಿನ ಹಿಂದಿನಿಂದ ಮುಂದಿನವರೆಗೆ ತಲೆ ಎಣಿಸಿ, ಟಿಕೀಟಿನ ಲೆಕ್ಕಕ್ಕೆ ತಾಳೆ ಹಾಕಿ, ಆಮೇಲೆ "ರೈಟ್" ಅನ್ನುತ್ತಾನೆ. ಒಂದು ತಲೆ ಹೆಚ್ಚು ಕಡಿಮೆಯಾದರೆ ಬಸ್ಸು ಹೊರಡುವುದಿಲ್ಲ. ಶಿಬಿರದವರೂ ಹಾಗೆಯೇ ಎಣಿಸಬೇಕು. ಹೊರಡುವಾಗ, ಗುಡ್ಡದ ಮೇಲೆ, ನೀರಿಗೆ ಇಳಿಯುವ ಮೊದಲು, ನೀರಿನಿಂದ ಎದ್ದ ಮೇಲೆ, ಊಟಕ್ಕೆ ಕುಳಿತಾಗ, ಮತ್ತೆ ಹೊರಡುವಾಗ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಮೇಲೊಬ್ಬರು ಕಣ್ಣಿಡಿ ಎಂದು ಹೇಳಿದರೆ ಇನ್ನೂ ಒಳ್ಳೆಯದು. ಸಾಲಿನ ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು. ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು.

ಸಹಿ ಹಾಕುವ ಮೊದಲು

ಚೀಟಿ ಬಂದಾಗ ಕೇಳಬೇಕಾದದ್ದು ಹೆಚ್ಚೇನಿಲ್ಲ. ಕಲಿಸುವವರು ಯಾರು, ಎಲ್ಲಿ ಕಲಿತವರು, ಕಾಗದ ತೋರಿಸಿ. ಎಷ್ಟು ಹುಡುಗರಿಗೆ ಎಷ್ಟು ಜನ ದೊಡ್ಡವರು. ಹೆಲ್ಮೆಟ್, ಜಾಕೀಟು ಹುಡುಗರ ಅಳತೆಯವು, ಒಬ್ಬೊಬ್ಬರಿಗೂ ಒಂದೊಂದು ಇವೆಯೇ. ಮೊದಲ ಚಿಕಿತ್ಸೆ ಗೊತ್ತಿದ್ದವರು ಯಾರು, ಗಾಡಿ ಎಲ್ಲಿ ನಿಲ್ಲುತ್ತದೆ, ಹತ್ತಿರದ ಆಸ್ಪತ್ರೆ ಯಾವುದು. ಹವೆ ಕೆಟ್ಟರೆ ಏನು ಮಾಡುತ್ತೀರಿ. ಶಾಲೆಯಿಂದ ಹೋಗುವುದಾದರೆ ಇಲಾಖೆಯ ಅನುಮತಿ ಎಲ್ಲಿದೆ. ಹಾಗೆಯೇ ಪಾಲಕರೂ ತಮ್ಮ ಲೆಕ್ಕ ಮುಚ್ಚಿಡಬಾರದು. ಮಗನಿಗೆ ಉಬ್ಬಸ ಇದ್ದರೆ, ಮೂರ್ಛೆ ಬರುತ್ತಿದ್ದರೆ, ಈಜು ಬಾರದಿದ್ದರೆ ಬರೆದು ಕೊಡಬೇಕು. "ಹೇಳಿದ್ರ ಕರ್ಕೊಂಡು ಹೋಗೂದಿಲ್ಲ" ಎಂದು ಮುಚ್ಚಿಟ್ಟರೆ ತಪ್ಪು ಮನೆಯದೇ.

ಇನ್ನು ಊರಿನ ಕೆಲಸ. ಮೂರೂ ತಾಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಶಾಲೆಯ ಪ್ರವಾಸದ ಅರ್ಜಿಯ ಜೊತೆ ಈ ಪ್ರಶ್ನೆಗಳಿಗೆ ಉತ್ತರ ಬರೆದ ಒಂದು ಹಾಳೆ ಕೇಳಿದರೆ ಖರ್ಚೇನೂ ಆಗುವುದಿಲ್ಲ. ಗುಡ್ಡದ ಬುಡದಲ್ಲಿ, ಹೊಳೆಯ ದಂಡೆಯಲ್ಲಿ ಅಪಾಯದ ಜಾಗ ತೋರಿಸುವ ಒಂದು ಫಲಕ, ಅದರ ಮೇಲೆ ಸಹಾಯದ ನಂಬರು, ಇದಕ್ಕೆ ಪಂಚಾಯತಿ, ಪುರಸಭೆಗಳಿಗೆ ಕೋಟಿ ಬೇಕಾಗಿಲ್ಲ. ಪಕ್ಕದ ತಮಿಳುನಾಡಿನಲ್ಲಿ 2018ರ ಮಾರ್ಚಿನಲ್ಲಿ ಕುರಂಗಣಿ ಕಾಡಿನ ಬೆಂಕಿಗೆ ಚಾರಣಿಗರು ಬಲಿಯಾದ ಮೇಲೆಯೇ ಚಾರಣದ ನಿಯಮ ಬಂತು. ಇಂಗ್ಲೆಂಡಿಗೆ 4 ಮಕ್ಕಳು ಬೇಕಾದವು. ನಮಗೆ ಎಷ್ಟು ಬೇಕು ಎಂಬ ಪ್ರಶ್ನೆ ಯಾವ ಅಧಿಕಾರಿಯೂ ಕೇಳಿಸಿಕೊಳ್ಳಲು ಇಷ್ಟಪಡಲಾರರು. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ಕೊನೆಗೆ ಆ ಪೆನ್ನು ಹಿಡಿದು ನಿಂತ ಹುಡುಗನ ಮಾತು. ಅವನಿಗೆ ಬೇಡ ಅನ್ನುವುದು ಸುಲಭ. ಬೇಡ ಅಂದರೆ ಅವನು ಮುಂದಿನ ರವಿವಾರ ಗೆಳೆಯರೊಂದಿಗೆ ಹೇಳದೆ ಕೇಳದೆ ಗುಡ್ಡ ಹತ್ತುತ್ತಾನೆ, ಕಲ್ಲಗಣಿಯ ಹೊಂಡಕ್ಕೆ ಹಾರುತ್ತಾನೆ. ಅಲ್ಲಿ ಹಗ್ಗವೂ ಇಲ್ಲ, ಕಾಕಾನೂ ಇಲ್ಲ. ಅದಕ್ಕೇ ಕಳಿಸಬೇಕು, ಆದರೆ ವಿಚಾರಿಸಿ ಕಳಿಸಬೇಕು. ಅಂಗಡಿಯ ಗಲ್ಲೆಯ ಮುಂದೆ ಗಿರಾಕಿ ಎರಡು ನಿಮಿಷ ಕಾದರೆ ಏನೂ ಕೆಡುವುದಿಲ್ಲ. ಚೀಟಿಯನ್ನು ಪೂರ್ತಿ ಓದಿ, ಕೆಳಗಿದ್ದ ನಂಬರಿಗೆ ಫೋನು ಹಚ್ಚಿ, "ಹಗ್ಗಾ ಯಾವಾಗಿಂದ್ರೀ? ಹಿಡಿಯೋರು ಯಾರ್ರೀ?" ಎಂದು ಕೇಳಿ, ಉತ್ತರ ಸರಿ ಕಂಡರೆ ಸಹಿ ಹಾಕಬೇಕು. ಹುಡುಗ ಸಂಜೆ ಬಿಸಿಲಿಗೆ ಕೆಂಪಾಗಿ, ಮೊಣಕಾಲು ತರಚಿಕೊಂಡು, ಬಾಯ್ತುಂಬ ಕಥೆ ಹೊತ್ತು ಬಸ್ಸಿನಿಂದ ಇಳಿದರೆ ಆ ಎರಡು ನಿಮಿಷದ ಲೆಕ್ಕ ಚುಕ್ತಾ.